ನನಗಾಗಿ ಕಾಯುತ್ತಿದ್ದ ಬಸ್ಸು

ಐವತ್ತು ದಾಟಿದ ಗಂಡಸು ಬೆಳಿಗ್ಗೆ ವಾಕಿಂಗ್ ಹೋದರೂ, ಸಂಜೆ ಭಜನೆಗೆ ಹೋದರೂ, ಕೊನೆಗೆ ದಿನವಿಡೀ ಮೊಬೈಲ್ ನೋಡುತ್ತ ಕೂತರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತ ಕೂತರೆ ಮಾತ್ರ ಮನೆಗೆ ಬಂದ ನೆಂಟರು ಹೆಂಡತಿಯನ್ನು ಒಳಗೆ ಕರೆದು, “ಇವರಿಗೆ ಎಂತ ಆಗಿದೆ?” ಎಂದು ಪಿಸುಗುಟ್ಟುತ್ತಾರೆ. ಮಗಳು ಆಡಿ ಬಿಟ್ಟ ಒಂದು ಡಬ್ಬಿ ಇಟ್ಟಿಗೆಯಿಂದ ಶುರುವಾದ ಚಟ ಇದು. ಒಂದರ ಮೇಲೊಂದು ಇಟ್ಟು ಒತ್ತಿದಾಗ ‘ಟಕ್’ ಎಂದು ಕೂರುತ್ತದಲ್ಲ, ಆ ಸದ್ದಿಗೆ ನಾನು ಮರುಳಾದೆ.

ಈ ಸಲ ನಾನು ಕಟ್ಟಿದ್ದು ಬಸ್ಸು. ನನ್ನ ಕಾಲೇಜು ದಿನಗಳಲ್ಲಿ ಅಳದಂಗಡಿಯಿಂದ ನಾರಾವಿ ದಾರಿಯಾಗಿ ಮೂಡುಬಿದಿರೆಗೆ ಬರುತ್ತಿದ್ದ ಬೆಳಗಿನ ಬಸ್ಸು. ಕೆಂಪು ಮೈ, ಹಳದಿ ಪಟ್ಟಿ, ಹಿಂದೆ ಏಣಿ, ಮೇಲೆ ಹಲಸಿನಕಾಯಿ ರಾಶಿ. ಅಂಟು ಹಾಕುವಂತಿಲ್ಲ. ಇದೇ ಚಟ ಹತ್ತಿದ ನಮ್ಮ ಇಟ್ಟಿಗೆಯವರಲ್ಲಿ ಅಂಟು ಮುಟ್ಟಿದವನನ್ನು ಯಾರೂ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಎಂಟು ತಿಂಗಳು ಊಟದ ಮೇಜು ಬಸ್ಸಿನದ್ದಾಯಿತು, ನೆಲ ನಮ್ಮದಾಯಿತು. “ನಿಮ್ಮ ಬಸ್ಸು ಯಾವಾಗ ಹೊರಡ್ತದೆ?” ಎಂದು ಹೆಂಡತಿ ದಿನಕ್ಕೊಮ್ಮೆ ಕೇಳುತ್ತಿದ್ದಳು. ನೆಲದ ಮೇಲಿನ ಊಟ ಆರೋಗ್ಯಕ್ಕೆ ಒಳ್ಳೆಯದೆಂದು ನಾನು ಉಪನ್ಯಾಸ ಕೊಡುತ್ತಿದ್ದೆ.

ಅದೇ ಬಸ್ಸು ಯಾಕೆಂದರೆ, ಅದು ನನಗಾಗಿ ಕಾಯುತ್ತಿತ್ತು. ನಾರಾವಿಯ ನಮ್ಮ ಮನೆಯಲ್ಲಿ ಐದು ಗಂಡುಮಕ್ಕಳಲ್ಲಿ ನಾನು ನಾಲ್ಕನೆಯವ. ನಾನು ಬರಲಿ ಎಂದು ಅನ್ನಕ್ಕೂ ಯಾರೂ ಕಾದವರಲ್ಲ. ಆದರೆ ಗದ್ದೆಯ ಬದುವಿನ ಮೇಲೆ ಅಂಗಿಯ ಗುಂಡಿ ಹಾಕುತ್ತ ಓಡಿ ಬರುವಾಗ ಹೋಟೆಲಿನ ಎದುರು ಬಸ್ಸು ನಿಂತಿರುತ್ತಿತ್ತು. ಕಂಡಕ್ಟರ್ ಬಾಬಣ್ಣ ಮೆಟ್ಟಿಲಲ್ಲಿ ನಿಂತು, “ಬೇಗ ಬಾ ಮಾರಾಯ!” ಎನ್ನುತ್ತಿದ್ದರು. ಅಷ್ಟು ಜನ ತುಂಬಿದ ಬಸ್ಸು ನನ್ನೊಬ್ಬನಿಗಾಗಿ! ಈ ಕತೆಯನ್ನು ಮದುವೆಯಾದ ವಾರವೇ ಹೆಂಡತಿಗೆ ಹೇಳಿದ್ದೆ.

ಮೂಡುಬಿದಿರೆಯ ಸಭಾಂಗಣವೊಂದರಲ್ಲಿ ಇಟ್ಟಿಗೆಯವರ ಪ್ರದರ್ಶನ ಏರ್ಪಾಡಾದಾಗ ಬಾಬಣ್ಣನಿಗೂ ಹೇಳಿ ಕಳಿಸಿದೆ. ಒಬ್ಬರು ಸಾವಿರ ಕಂಬದ ಬಸದಿ ಕಟ್ಟಿದ್ದರು. ಕಂಬ ಎಣಿಸಲು ಹೋದವರನ್ನು ಅವರು ಮಾತಿಗೆಳೆದು ತಪ್ಪಿಸುತ್ತಿದ್ದರು. ಬಂಟ್ವಾಳದವರೊಬ್ಬರು ಪಾಣೆಮಂಗಳೂರಿನ ಹಳೇ ಸೇತುವೆಯನ್ನು ಎರಡು ಮೇಜಿಗೆ ಅಡ್ಡವಾಗಿ ನಿಲ್ಲಿಸಿದ್ದರು. ಜನ ಅಲ್ಲೇ ಮುತ್ತಿಕೊಂಡಿದ್ದರು. ನನಗೆ ಅದರ ಹೊಟ್ಟೆಕಿಚ್ಚು ಇರಲಿಲ್ಲ (ಸ್ವಲ್ಪ ಇತ್ತು). ಬಾಬಣ್ಣ ನನ್ನ ಗುರುತು ಹಿಡಿಯಬೇಕು, ನನಗೆ ಬೇಕಾದದ್ದು ಅಷ್ಟೇ.

ಎಂಬತ್ತರ ಬಾಬಣ್ಣ ನನ್ನ ಹೆಂಡತಿ ತೋರಿಸಿದ ಕಡೆಗೆ ನೇರ ಬಂದರು. ಬಸ್ಸಿನ ತಲೆಯ ಮೇಲೆ ಕೈಯಿಟ್ಟು, “ಇದು ನಮ್ಮ ಬಸ್ಸಲ್ವಾ!” ಎಂದವರ ಕಣ್ಣು ಒದ್ದೆಯಾಯಿತು. ಮರುಕ್ಷಣ ಒಳಗೆ ಇಣುಕಿ, “ಎಂತ ಮಾರಾಯ್ರೆ, ಎಲ್ಲರೂ ಕೂತಿದ್ದಾರೆ! ನಮ್ಮ ಬಸ್ಸಲ್ಲಿ ಹೀಗೆ ಉಂಟಾ?” ಎಂದು ಗದರಿದರು. “ಪಿರ ಪೋಲೆ, ಪಿರ ಪೋಲೆ” ಎಂದು ತುಳುವಿನಲ್ಲಿ ಹಿಂದೆ ಹೋಗಲು ಹೇಳುತ್ತ ನನ್ನ ಪುಟ್ಟ ಪ್ಲಾಸ್ಟಿಕ್ ಪ್ರಯಾಣಿಕರನ್ನು ಎಬ್ಬಿಸಿ ಹಿಂದಕ್ಕೆ ತಳ್ಳಿ, ಇಬ್ಬರನ್ನು ಫುಟ್‌ಬೋರ್ಡಿನಲ್ಲಿ ನೇತಾಡಿಸಿ, “ಈಗ ಬಸ್ಸಾಯ್ತು” ಎಂದರು.

ನನಗೆ ತಡೆಯಲಾಗಲಿಲ್ಲ. “ಬಾಬಣ್ಣ, ನಾನು ನಾರಾವಿಯವ. ಓಡಿಕೊಂಡು ಬರ್ತಿದ್ದೆ. ನೀವು ದಿನಾ ನನಗಾಗಿ ಕಾಯ್ತಿದ್ರಿ.”

ಅವರಿಗೆ ನನ್ನ ಗುರುತು ಹತ್ತಲಿಲ್ಲ. “ನಾರಾವಿಯಲ್ಲಿ ಕಾಯುವುದಾ? ಅದು ಬನ್ಸಿಗೆ ಮಾರಾಯ್ರೆ! ನಮ್ಮ ಡ್ರೈವರನಿಗೆ ಮೊದಲ ಬಾಣಲೆಯ ಬನ್ಸೇ ಆಗ್ಬೇಕು. ಅದು ಉಬ್ಬಿ ಮೇಲೆ ಬರದೆ ಬಸ್ಸು ಹೊರಡ್ಲಿಕ್ಕೇ ಇಲ್ಲ.”

ನನ್ನ ಮುಖ ಇಳಿದದ್ದು ಅವರಿಗೆ ಕಂಡಿರಬೇಕು. ಸೀಟು ಸಿಗದವರನ್ನು ಜೀವಮಾನವಿಡೀ ಸಮಾಧಾನ ಮಾಡಿದವರು. ನನ್ನ ಭುಜ ತಟ್ಟಿ ಹೇಳಿದರು: “ಬೇಜಾರು ಮಾಡ್ಬೇಡಿ. ಒಂದು ದಿನ ಬನ್ಸ್ ಮಾಡದಿದ್ರೆ ನಿಮ್ಮ ಕಾಲೇಜು ತಪ್ತಿತ್ತಲ್ಲ, ಡ್ರೈವರನ ಹೊಟ್ಟೆಗೆ ಪುಣ್ಯ ಬರ್ಲಿ.”

ವಾಪಸು ಬರುವಾಗ ರಿಕ್ಷಾದಲ್ಲಿ ಬಸ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಬಾಬಣ್ಣ ಮಾತಾಡುವಾಗ ಬಸದಿ ನೋಡಲು ಹೋಗಿದ್ದ ಹೆಂಡತಿ ಕೇಳಿದಳು, “ಗುರುತು ಹಿಡಿದ್ರಾ?”

“ನೋಡಿದ ಕೂಡಲೇ ಹಿಡಿದ್ರು” ಎಂದೆ. ನನ್ನನ್ನೋ ಬಸ್ಸನ್ನೋ ಎಂದು ಅವಳು ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.