ಕೊಡ ಔಡಲೆಣ್ಣೆ ಕುಡಿದ ಎಂಜಿನ್

ತಿಳಿಯದ್ದನ್ನು ತಿಳಿಯದು ಎಂದು ಒಪ್ಪಿಕೊಳ್ಳುವ ಗುಣ ನನ್ನಲ್ಲಿ ಹುಟ್ಟಿನಿಂದಲೇ ಇಲ್ಲ. ಕಲಬುರ್ಗಿಯ ಕಚೇರಿಯಲ್ಲಿ ನಾನು ಉರ್ದು ಕಾಗದ ನಕಲು ಮಾಡುವ ಗುಮಾಸ್ತ. ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಹೆಂಡತಿಯ ತವರು ಕಮಲಾಪುರದಲ್ಲಿ ಮಾತ್ರ ನಾನು ಇಂಗ್ಲಿಷ್ ಪಂಡಿತ. ಅಲ್ಲಿ ಪರೀಕ್ಷೆ ಮಾಡುವವರು ಯಾರಿದ್ದರು?

ಮೊದಲ ಮಹಾಯುದ್ಧ ಮುಗಿದ ಮರುವರ್ಷ ನಾನು ಅಲ್ಲಿದ್ದಾಗಲೇ, ಜೋಳ ಕೊಯ್ದು ಬರಿದಾಗಿದ್ದ ಮಾವನವರ ಹೊಲದಲ್ಲಿ ಒಂದು ವಿಮಾನ ಇಳಿಯಿತು. ಯುದ್ಧದಲ್ಲಿ ಹಾರಾಡಿ ಹಣ್ಣಾದದ್ದು. ಹೈದರಾಬಾದಿಗೆ ಹೊರಟಿದ್ದ ಬಿಳಿಯ ಸಾಹೇಬ ಕೆಳಗಿಳಿದು ಏನೋ ಕೇಳಿದ. ಊರೆಲ್ಲ ನನ್ನ ಮುಖ ನೋಡಿತು. ಎರಡನೆಯ ಸಲ ಕೇಳಿದಾಗ ಅರ್ಥವಾಯಿತು: ಔಡಲೆಣ್ಣೆ, ಅಂದರೆ ಹರಳೆಣ್ಣೆ. ಅತ್ತೆಯವರು ನನ್ನೊಡನೆ ನೇರ ಮಾತಾಡುವವರಲ್ಲ, ಮಗಳಿಗೆ ಹೇಳಿದರು, "ಪಾಪ, ಹೊಟ್ಟಿ ಕಟ್ಟಿರಬೇಕವ್ವ. ಒಂದು ಚಮಚ ಬಿಸಿನೀರಾಗ ಹಾಕಿ ಕೊಡು." ಚಮಚ ನೋಡಿದ ಸಾಹೇಬ ತಲೆಯಾಡಿಸಿ, ಪಕ್ಕದ ನೀರಿನ ಕೊಡ ತೋರಿಸಿದ. "ಕೊಡಾನಾ? ಆಮ್ಯಾಲ ಉಳಿತಾನೇನವ್ವ?" ಎಂದು ಅತ್ತೆಯವರು ಕುಸಿದು ಕೂತರು.

ಎಣ್ಣೆ ತನಗಲ್ಲ, ಇದಕ್ಕೆ ಎಂಬಂತೆ ಸಾಹೇಬ ಎಂಜಿನ್ ತಟ್ಟಿ, ಕೈಸನ್ನೆ ಮಾಡುತ್ತ ವಿವರಿಸತೊಡಗಿದ. ಒಂಬತ್ತು ಸಿಲಿಂಡರುಗಳು ಹೂವಿನ ಎಸಳಿನಂತೆ ಸುತ್ತ ನಿಂತಿದ್ದವು.

"ಏನಂತಾನ?" ಎಂದರು ಮಾವ.

"ಗಾಣದಾಗ ಒರಳು ನಿಂತಿರ್ತದ, ಒನಕಿ ತಿರಗ್ತದ, ಹೌದಲ್ರೀ ಮಾವ? ಇದರಾಗ ನಡುವಿನ ದಿಂಡು ನಿಂತಿರ್ತದ, ಒರಳೇ ತಿರಗ್ತದಂತ. ಗಾಳಿ ಬಡದು ತಂಪಾಗಲಿ ಅಂತ."

"ಔಡಲೆಣ್ಣೀನೇ ಯಾಕ?"

"ಬ್ಯಾರೆ ಎಣ್ಣಿ ಪೆಟ್ರೋಲಿನಾಗ ಕರಗಿಹೋಗ್ತದ್ರಿ. ಇದು ಕರಗಂಗಿಲ್ಲ."

"ಮತ್ತ ಹಾಕಿದ ಎಣ್ಣಿ ಎಲ್ಲಿ ಹೋಗ್ತದ?"

ಅದನ್ನೂ ಸಾಹೇಬ ಹೇಳಿದ್ದ. ಆ ಭಾಗ ನನಗೆ ತಿಳಿದಿರಲಿಲ್ಲ. "ಒಳಗೇ ಇರ್ತದ್ರಿ" ಎಂದೆ.

ಮನೆಮನೆಯಿಂದ ಎಣ್ಣೆ ಬಂತು. ದೀಪದ್ದು, ಬಾಣಂತಿಯ ತಲೆಗೆ ಇಟ್ಟದ್ದು, ಎಮ್ಮೆಗೆ ಕುಡಿಸಲು ಇಟ್ಟದ್ದು, ಎಲ್ಲ ಕೂಡಿ ಕೊಡ ತುಂಬಿತು; ಸಾಹೇಬ ಅಷ್ಟನ್ನೂ ವಿಮಾನಕ್ಕೆ ಸುರಿದ. ಅತ್ತೆಯವರು ಸಾಹೇಬನ ಮಡಿಲಿಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಹಾಕಿಸಿದರು. ವಿಮಾನ ಮುಂದೆ ನುಗ್ಗದಂತೆ ಬಾಲ ಹಿಡಿಯಲು ಸಾಹೇಬ ನನ್ನನ್ನೂ ಮಾವನವರನ್ನೂ ನಿಲ್ಲಿಸಿದ. ಬಳಿಕ ತನ್ನ ಬಾಯಿಗೆ ಬಟ್ಟೆ ಸುತ್ತಿಕೊಳ್ಳುತ್ತ ನನಗೆ ಒಂದು ಮಾತು ಹೇಳಿದ. ಅದೊಂದು ಮಾತು ಮಾತ್ರ ನನಗೆ ಅಕ್ಷರಶಃ ಅರ್ಥವಾಯಿತು: ಬಾಯಿ ಮುಚ್ಚು. ಹೆಂಡತಿಯ ತವರಿನಲ್ಲಿ, ಊರವರ ಎದುರು, ಅಳಿಯನಿಗೆ ಈ ಮಾತೇ? ನನಗೆ ಸಿಟ್ಟು ಬಂತು. ಎಂಜಿನ್ ಚಾಲೂ ಮಾಡಲು ಊರಿನ ಪೈಲ್ವಾನನೊಬ್ಬ ಮೂತಿಯ ತಿರುಗುವ ರೆಕ್ಕೆ ಜಗ್ಗಿದ್ದೇ ತಡ, ಎಂಜಿನ್ನಿನ ಮರ್ಮವನ್ನು ಊರಿಗೆಲ್ಲ ಕೇಳುವಂತೆ ಬಾಯ್ತೆರೆದು ಕೂಗಿ ಹೇಳತೊಡಗಿದೆ. ಸಿಲಿಂಡರುಗಳು ಗಿರ್ರನೆ ತಿರುಗಿದವು. ಎಣ್ಣೆಯೆಲ್ಲ ಹೊಗೆಯ ಜೊತೆ ಮಂಜಾಗಿ ಹಿಂದಕ್ಕೆ ಬಂತು. ಮಾವನವರು ಮಿತಭಾಷಿ; ಅವರ ರುಮಾಲಷ್ಟೇ ಕೆಟ್ಟಿತು. ನಾನು ಸಾಕಷ್ಟು ನುಂಗಿದೆ.

ವಿಮಾನ ಆಕಾಶದಲ್ಲಿ ಚುಕ್ಕೆಯಾಯಿತು. ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆ ಗುಡುಗಿತು. ಮಾವನವರು ಮುಖ ಒರೆಸಿಕೊಳ್ಳುತ್ತ ಕೇಳಿದರು: "ಸಾಹೇಬ ಕಡೀಕ ಏನಂದ?"

"ನಿಮ್ಮ ಅಳಿಯ ಭಾಳ ಶಾಣ್ಯಾ ಅಂದ್ರಿ" ಎಂದವನೇ, ಚೊಂಬು ಹುಡುಕುತ್ತ ಓಡಿದೆ.