ದೊಡ್ಡಮ್ಮನ ಮೂಗು, ಪೇಟೆಯ ಕಸ

ಉಡುಪಿ ಜಿಲ್ಲೆಯಲ್ಲಿ ಮೂಗುಗಳಿಗೇನೂ ಕೊರತೆಯಿಲ್ಲ. ಆದರೆ ಮೂಗು ಅಂದರೆ ನಮ್ಮ ದೊಡ್ಡಮ್ಮನದ್ದು. ಉಳಿದವರದ್ದೆಲ್ಲ ಕನ್ನಡಕ ನಿಲ್ಲಿಸುವುದಕ್ಕೆ ದೇವರು ಮಾಡಿಕೊಟ್ಟ ಒಂದು ಏರ್ಪಾಡು! ಇದನ್ನು ನಾನು ಅಭಿಮಾನದಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಓದುವ ಕಾಲದಲ್ಲಿ ನಾನು ಕದ್ದು ಸೇದಿದ ಒಂದೇ ಒಂದು ಸಿಗರೇಟನ್ನು ಅವಳು ಮೂರು ದಿನ ಕಳೆದ ಮೇಲೆ, ಎರಡು ಸ್ನಾನದ ಆಚೆಯಿಂದ, ನನ್ನ ಅಂಗಿಯ ಕಾಲರಿನಲ್ಲಿ ಪತ್ತೆ ಮಾಡಿದ್ದಳು. ಬ್ರ್ಯಾಂಡಿನ ಹೆಸರು ಹೇಳಲಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವುದೊಂದೇ ಅದಕ್ಕೆ ಕಾರಣ.

ಈ ಮೂಗಿನ ಹಿಂದೆ ನಲವತ್ತು ವರ್ಷಗಳ ಸಾಧನೆಯಿದೆ. ದೊಡ್ಡಮ್ಮ ಅಂದರೆ ನನ್ನ ಅಮ್ಮನ ಅಕ್ಕ. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವಳು. ಬೆಳಗಾಗುವುದರೊಳಗೆ ಮೀನಿನ ಬುಟ್ಟಿ ಹೊತ್ತು ಬಸ್ಸು ಹತ್ತಿ, ಸಂತೆಕಟ್ಟೆಯಿಂದ ಮಣಿಪಾಲದವರೆಗೆ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಕಿವಿರು ಎತ್ತಿ ನೋಡುವುದು, ಬೆರಳಿನಿಂದ ಒತ್ತಿ ನೋಡುವುದು ಎಲ್ಲ ಗಿರಾಕಿಗಳ ಕೆಲಸ. ಅವಳು ಬುಟ್ಟಿಯ ಪಕ್ಕದಲ್ಲಿ ಸುಮ್ಮನೆ ನಡೆದು ಹೋದರೆ ಸಾಕು, ಬಂಗುಡೆ ಇಂದಿನದ್ದೋ, ನಿನ್ನೆ ಐಸಿನಲ್ಲಿ ಮಲಗಿ ಎದ್ದದ್ದೋ ತಿಳಿದುಬಿಡುತ್ತಿತ್ತು.

ನನ್ನ ಚಿಕ್ಕಮ್ಮನ ಮಗಳ ಮೆಹಂದಿಯ ದಿನ ಏನಾಯಿತು ಗೊತ್ತೇ? ಇನ್ನೂರು ಜನ ಊಟಕ್ಕೆ ಕೂತಿದ್ದಾರೆ. ದೊಡ್ಡಮ್ಮ ಊಟದ ಹಾಲ್‌ನ ಬಾಗಿಲಲ್ಲೇ ನಿಂತುಬಿಟ್ಟಳು. ಅಂಜಲ್ ಫ್ರೈ ಬಡಿಸಬಾರದು, ಅದು ಮೊನ್ನೆಯ ಮೀನು ಎಂದು ಅಲ್ಲಿಂದಲೇ ತೀರ್ಪು! ಅಡುಗೆ ಗುತ್ತಿಗೆದಾರ ಬಂದು ತಾಯಿಯಾಣೆ, ದೇವರಾಣೆ ಎಲ್ಲ ಮಾಡಿದ. ಹಾಗಾದರೆ ಮೊದಲ ತುಂಡು ನೀವೇ ತಿನ್ನಿ ಎಂದಳು ಇವಳು. ಅವನಿಗೆ ಫಕ್ಕನೆ ನೆನಪಾಯಿತು, ತಾನು ಶನಿವಾರ ಮೀನು ಮುಟ್ಟುವುದಿಲ್ಲ ಅಂತ. ಅಂದು ಬುಧವಾರವಾಗಿತ್ತು.

ಇಂಥ ಮೂಗಿನ ಒಡತಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ: ಸಿಹಿನೀರಿನ ಸ್ವಂತ ಬಾವಿ. ಕಡಲ ಬದಿಯ ಬಾವಿಗಳು ಮಾರ್ಚಿಗೆಲ್ಲ ಉಪ್ಪಾಗುತ್ತವೆ. ಅವಳ ತವರಿನಲ್ಲಿ ಬೇಸಗೆಯ ಚಹಾಕ್ಕೆ ಎಷ್ಟು ಸಕ್ಕರೆ ಹಾಕಿದರೂ ಅದು ಅರ್ಧ ಸಾರಿನ ರುಚಿಯಲ್ಲೇ ಇರುತ್ತಿತ್ತು. ಮೀನು ಮಾರಲು ಹೋದ ಮನೆಗಳಲ್ಲಿ ಬಾಯಾರಿಕೆಗೆ ಕೊಟ್ಟ ನೀರು ಕುಡಿದು ಕುಡಿದು, ತನಗೂ ಇಂಥದ್ದೇ ಬೇಕು ಎಂದು ಅವಳು ತೀರ್ಮಾನಿಸಿದಳು. ಉಳಿಸಿದ್ದನ್ನೆಲ್ಲ ಕೂಡಿಸಿ, ಮಣಿಪಾಲದಿಂದ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ ಒಂದು ಗುಡ್ಡದ ಇಳಿಜಾರಿನಲ್ಲಿ ಹತ್ತು ಸೆಂಟ್ಸ್ ಜಾಗ ಹಿಡಿದಳು. ಕಡಲು ಬಿಟ್ಟು ಗುಡ್ಡ ಹತ್ತುವ ಮರುಳು ಯಾಕೆ ಎಂದು ಕಾಪುವಿನವರೆಲ್ಲ ನಕ್ಕರು. ಮೂವತ್ತು ಅಡಿಯಲ್ಲಿ ಕೆಂಪುಕಲ್ಲಿನ ಎಡೆಯಿಂದ ನೀರು ಒಸರಿತು. ಅವಳು ಒಂದು ಬೊಗಸೆ ಕುಡಿದು, ಅಗೆದ ಮಣ್ಣಿನ ರಾಶಿಯ ಮೇಲೆ ಕೂತು ಅತ್ತಳು. ಇವತ್ತಿಗೂ ಅದನ್ನು ಬೆವರು ಎಂದೇ ವಾದಿಸುತ್ತಾಳೆ.

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ದೊಡ್ಡಮ್ಮನ ಮನೆಯಲ್ಲಿ ಬೆಲ್ಲ ಹುಣಸೆ ಬೀಜದಷ್ಟು ಇರುತ್ತಿತ್ತು. ಜಿಪುಣತನವಲ್ಲ ಮಾರಾಯ್ರೇ! ಬೆಲ್ಲ ದೊಡ್ಡದಾದರೆ ನೀರಿನ ರುಚಿ ಅಡಗುತ್ತದಂತೆ. ಕುಡಿದವರು ಅಭಿಪ್ರಾಯ ಹೇಳದೆ ಎದ್ದು ಹೋಗುವ ಹಾಗಿರಲಿಲ್ಲ. ಗ್ಯಾಸಿನವನು, ಜನಗಣತಿಯ ಟೀಚರು, ವಿಮೆಯ ಏಜೆಂಟು, ಎಲ್ಲರೂ ಹೇಳಿದವರೇ. ದುಬಾಯಿಯಿಂದ ಬಂದ ನಮ್ಮ ಸಂಬಂಧಿಕನೊಬ್ಬ ಹೊಗಳುವ ಉತ್ಸಾಹದಲ್ಲಿ ಮಿನರಲ್ ವಾಟರಿನ ಹಾಗೆಯೇ ಉಂಟು ಎಂದುಬಿಟ್ಟ. ಅವಳು ಅವನ ಜೊತೆ ಎರಡು ಮದುವೆಗಳವರೆಗೆ ಮಾತಾಡಲಿಲ್ಲ.

ಆಮೇಲೆ ಕಸ ಬಂತು.

ಅವಳ ಮನೆಯ ಮೇಲ್ಗಡೆ, ಗುಡ್ಡದ ನೆತ್ತಿಯಲ್ಲಿ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿತ್ತು. ಪೇಟೆ ಬೆಳೆಯಿತು, ಪೇಟೆಯ ಕಸಕ್ಕೂ ಒಂದು ಮನೆ ಬೇಕಾಯಿತು, ದೊಡ್ಡವರ ಕಣ್ಣು ಆ ಹೊಂಡದ ಮೇಲೆ ಬಿತ್ತು. ಇದರಲ್ಲಿ ತಮಾಷೆ ಏನೆಂದರೆ, ಮೊದಲ ಲಾರಿಗೆ ದಾರಿ ತೋರಿಸಿದವಳು ದೊಡ್ಡಮ್ಮನೇ! ಡ್ರೈವರ್ ಗಾಡಿ ನಿಲ್ಲಿಸಿ ಕೋರೆ ಎಲ್ಲಿ ಅಂತ ಕೇಳಿದ. ದನಕರು ಬೀಳುವ ಹೊಂಡಕ್ಕೆ ಮಣ್ಣು ತುಂಬಿಸಲು ಬಂದಿದ್ದಾರೆ ಎಂದು ಇವಳು ಖುಷಿಪಟ್ಟು, ಅವನಿಗೆ ಬೆಲ್ಲ ನೀರು ಕೊಟ್ಟು, ತಿರುವಿನವರೆಗೆ ಮುಂದೆ ನಡೆದು ಕೈ ತೋರಿಸಿ ಬಂದಳು. ಲಾರಿಯ ಮೇಲೆ ಟರ್ಪಾಲು ಬಿಗಿದಿತ್ತು, ಗಾಳಿ ಆಚೆಗೆ ಬೀಸುತ್ತಿತ್ತು. ಆ ಮೂಗು ಮೋಸ ಹೋದದ್ದು ಅದೊಂದೇ ದಿನ. ಆ ಮಾತು ಎತ್ತಿದರೆ ಈಗಲೂ ಅವಳು ಎದ್ದು ಒಳಗೆ ಹೋಗುತ್ತಾಳೆ.

ಮರುದಿನದಿಂದ ನನ್ನ ಫೋನಿಗೆ ವಾರ್ತಾಪ್ರಸಾರ ಸುರುವಾಯಿತು. ನಾನು ಕಾರ್ಕಳದ ಒಂದು ಕಾಲೇಜಿನಲ್ಲಿ ಮೇಷ್ಟ್ರು. ಬೆಳಿಗ್ಗೆ ಏಳಕ್ಕೆ ಅವಳ ಕರೆ ಬರುತ್ತಿತ್ತು. ಇವತ್ತು ಪೇಟೆಯಲ್ಲಿ ಯಾರದ್ದೋ ಮದುವೆ ಆಗಿದೆ, ತರಕಾರಿ ಊಟ, ಪಾಯಸ ತುಂಬ ಉಳಿದಿದೆ. ಇವತ್ತು ಹಾಸ್ಟೆಲಿನ ಹುಡುಗರಿಗೆ ಪರೀಕ್ಷೆ ಮುಗಿದಿದೆ, ಬರೀ ಕಬಾಬಿನ ಎಲುಬು. ಇವತ್ತು ಮಕ್ಕಳ ಡೈಪರು, ಮಾತಾಡುವುದೇ ಬೇಡ! ನಾನು ನಗುತ್ತಿದ್ದೆ. ಸಹೋದ್ಯೋಗಿಗಳಿಗೂ ಹೇಳಿ ನಗಿಸುತ್ತಿದ್ದೆ. ದೂರದಲ್ಲಿರುವವನಿಗೆ ನಗು ಸುಲಭ.

ಕಾಗೆಗಳು ಹಿಂಡುಹಿಂಡಾಗಿ ಬಂದವು. ಕೋರೆಯಿಂದ ಎತ್ತಿಕೊಂಡ ಎಲುಬು, ಕೊಳೆತ ಚೀಲ ಎಲ್ಲವನ್ನೂ ಅಂಗಳದಲ್ಲಿ, ಬಾವಿಯ ದಂಡೆಯಲ್ಲಿ ಕೂತು ತಿನ್ನತೊಡಗಿದವು. ದೊಡ್ಡಮ್ಮ ಕಾಪುವಿಗೆ ಹೋಗಿ ತಮ್ಮನ ಹಳೆಯ ಬಲೆ ತಂದು ಬಾವಿಯ ಮೇಲೆ ಹೊದಿಸಿದಳು. ಗುಡ್ಡದ ಮೇಲೆ ಬಲೆ ಬೀಸಿದ ಮೊದಲ ಹೆಂಗಸು ಎಂದು ನಾನು ಛೇಡಿಸಿದೆ. ಬಲೆಗೆ ಮೂರು ಕಾಗೆ ಬಿದ್ದಿವೆ, ಬೇಕಾದರೆ ಬಂದು ಸಾರಿಗೆ ತೆಗೆದುಕೊಂಡು ಹೋಗು ಎಂದಳು.

ಬೇಸಗೆಯಲ್ಲಿ ಕೋರೆಗೆ ಬೆಂಕಿ ಬಿತ್ತು. ಅದು ಉರಿಯಲೂ ಇಲ್ಲ, ಆರಲೂ ಇಲ್ಲ, ಹನ್ನೆರಡು ದಿನ ಹೊಗೆಯಾಡಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸಿನ ಮಗಳಿಗೆ ಆಗ ಎರಡು ವರ್ಷ. ಆ ಮಗುವಿಗೆ ಉಬ್ಬಸ ಏರಿ, ಮುಖಕ್ಕೆ ಮಾಸ್ಕ್ ಕಟ್ಟಿ ಮದ್ದಿನ ಹಬೆ ಕೊಡಬೇಕಾಯಿತು. ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ದೊಡ್ಡಮ್ಮ. ಅಂದು ಫೋನಿನಲ್ಲಿ ಅವಳು ಯಾವ ವಾಸನೆಯ ಸುದ್ದಿಯನ್ನೂ ಹೇಳಲಿಲ್ಲ. ಒಂದು ಅರ್ಜಿ ಬರೆದು ಕೊಡು ಎಂದಷ್ಟೇ ಹೇಳಿದಳು.

ಹೀಗೆ ನಾನು ಅವಳ ಗುಮಾಸ್ತನಾದೆ. ಅವಳು ಅರ್ಜಿ ಹೇಳಿ ಬರೆಸುವ ಕ್ರಮವೇ ಬೇರೆ. ಮೊದಲು ಸಾಹೇಬರ ಕ್ಷೇಮ ವಿಚಾರಿಸಬೇಕು. ಆಮೇಲೆ ಅವರ ಮನೆಯವರದ್ದು. ಆಮೇಲೆ ಕೋರೆ, ಹೊಗೆ, ಮಗು. ಕಡೆಗೆ 'ಒಮ್ಮೆ ಮನೆಗೆ ಬನ್ನಿ' ಎಂದು ಬರೆಯಬೇಕು. ಸರಕಾರಿ ಅರ್ಜಿಯಲ್ಲಿ ಇದೆಲ್ಲ ಇರುವುದಿಲ್ಲ ಎಂದು ನಾನು ತೆಗೆದು ಹಾಕಿದೆ. ಓದಿಸಿ ಕೇಳಿದಳು, ಕಳ್ಳತನ ಹಿಡಿದಳು, ಪುನಃ ಬರೆಸಿದಳು. ಕರೆಯದೆ ಯಾರಾದರೂ ಬರುತ್ತಾರೆಯೇ ಎನ್ನುವುದು ಅವಳ ಪ್ರಶ್ನೆ. ಎಷ್ಟು ಕರೆದರೂ ಯಾರೂ ಬರಲಿಲ್ಲ. ಬಂದ ಒಬ್ಬರು ಜೀಪಿನ ಗಾಜು ಇಳಿಸದೆ ನೋಡಿ ಹೋದರು.

ಆಗ ಅವಳೇ ಕಚೇರಿಗೆ ಹೊರಟಳು, ನಾನು ಬಾಲ. ಮೇಜಿನ ಹಿಂದಿದ್ದ ಅಧಿಕಾರಿ ಅರ್ಜಿ ಓದಿ ನಕ್ಕರು.

"ಅಲ್ಲ ಅಮ್ಮ, ನೀವು ಮೀನು ಮಾರಿದವರು. ನಿಮಗೆ ವಾಸನೆ ಎಂತದ್ದು?"

"ವಾಸನೆ ಗೊತ್ತಿದ್ದದ್ದಕ್ಕೇ ಬಂದದ್ದು. ನಿಮ್ಮ ಬ್ಯಾಗಿನಲ್ಲಿರುವ ಪಲ್ಯ ಕೆಟ್ಟಿದೆ, ಮಧ್ಯಾಹ್ನ ತಿನ್ನಬೇಡಿ."

ಅಧಿಕಾರಿ ಊಟದ ಡಬ್ಬಿ ತೆರೆದು ನೋಡಿದರು. ಕೂಡಲೇ ಮುಚ್ಚಿದರು. ಆದರೆ ಮೇಲಿನವರ ಕುರ್ಚಿ ಅಷ್ಟಕ್ಕೆಲ್ಲ ಅಲುಗಾಡುತ್ತದೆಯೇ? ಕೆಂಪುಕಲ್ಲು ಬಹಳ ಒಳ್ಳೆಯ ಫಿಲ್ಟರ್, ಕೋರೆಯ ನೀರು ಎಷ್ಟು ಇಂಗಿದರೂ ನಿಮ್ಮ ಬಾವಿಗೆ ಬರುವಾಗ ಶುದ್ಧವಾಗಿಯೇ ಬರುತ್ತದೆ, ಧೈರ್ಯವಾಗಿ ಕುಡಿಯಿರಿ ಎಂದು ಬುದ್ಧಿ ಹೇಳಿ ಕಳಿಸಿದರು.

ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಆ ಫಿಲ್ಟರಿನ ಬಣ್ಣ ಬಯಲಾಯಿತು. ನಮಗೆಲ್ಲ ನೀರು ಇನ್ನೂ ತಿಳಿಯಾಗಿಯೇ ಕಾಣುತ್ತಿತ್ತು. ಒಂದು ಬೆಳಿಗ್ಗೆ ಅವಳು ಕೊಡಪಾನ ಎತ್ತಿದವಳು ಮೂಗಿನ ಹತ್ತಿರ ಹಿಡಿದು, ಹಾಗೆಯೇ ಕೆಳಗಿಟ್ಟಳು. ಎರಡು ವಾರದಲ್ಲಿ ನೀರಿನ ಮೇಲೆ ಎಣ್ಣೆಯಂಥ ಕೆನೆ ಕಟ್ಟಿತು. ಸ್ನಾನ ಮಾಡಿದರೆ ಮೈ ತುರಿಸುತ್ತಿತ್ತು. ಅಂದಿನಿಂದ ಕಾರ್ಕಳದಿಂದ ನಾನು ಸ್ಕೂಟರಿನಲ್ಲಿ ಕ್ಯಾನ್ ನೀರು ತಂದು ಕೊಡತೊಡಗಿದೆ. ಮನೆಗೆ ಬಂದವರಿಗೆ ಅದನ್ನೇ ಕೊಡುತ್ತಿದ್ದಳು. ಹೇಗುಂಟು ಎಂದು ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ.

ಆದರೆ ಸೋಲುವ ಪೈಕಿಯೇ ಅವಳು? ಒಂದು ಉಪಾಯ ಹೂಡಿದಳು. ಎಂದಾದರೂ ಒಬ್ಬ ಅಧಿಕಾರಿ ಬರಲೇಬೇಕು. ಬಂದರೆ ಕೂರಿಸಿ, ಬೆಲ್ಲದ ಜೊತೆ ಇದೇ ಬಾವಿಯ ನೀರು ಕೊಡುವುದು. ಅವನು ಲೋಟ ಮೂಗಿನ ಹತ್ತಿರ ತರುತ್ತಾನೆ, ಮುಖ ಹುಳಿ ಮಾಡುತ್ತಾನೆ, ಕೆಳಗಿಡುತ್ತಾನೆ. ಬಾಗಿಲ ಮರೆಯಲ್ಲಿ ನಿಂತ ನಾನು ಅದನ್ನು ಫೋನಿನಲ್ಲಿ ಹಿಡಿಯುತ್ತೇನೆ. ತಮ್ಮದೇ ಫಿಲ್ಟರಿನ ನೀರು ಕುಡಿಯಲು ಹೆದರಿದ ಸಾಹೇಬರನ್ನು ಇಡೀ ಜಿಲ್ಲೆ ನೋಡುತ್ತದೆ! ಯುದ್ಧತಂತ್ರದಲ್ಲಿ ನನಗೆ ಒಂದು ಕೊರತೆಯೂ ಕಾಣಲಿಲ್ಲ. ಮೂರು ಸಲ ತಾಲೀಮು ಕೂಡ ಮಾಡಿಸಿದಳು, ಅಧಿಕಾರಿಯ ಪಾತ್ರ ಅವಳದ್ದೇ.

ಕಡೆಗೂ ಒಬ್ಬ ಬಂದ. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್. ಜೀಪಿನಲ್ಲಲ್ಲ, ಬೈಕಿನಲ್ಲಿ. ಕೋರೆಯ ಸುತ್ತ ಪೂರ್ತಿ ನಡೆದು, ಪ್ಯಾಂಟಿಗೆ ಕೆಸರು ಮೆತ್ತಿಕೊಂಡು, ಬಾವಿ ನೋಡಿ, ಬೆವರು ಒರೆಸುತ್ತ ಜಗಲಿಯಲ್ಲಿ ಕೂತ. ದೊಡ್ಡಮ್ಮ ಸ್ಟೀಲಿನ ಲೋಟ ತಂದಿಟ್ಟಳು. ಅಂದು ಬೆಲ್ಲ ನೆಲ್ಲಿಕಾಯಿಯಷ್ಟು ದೊಡ್ಡದಿತ್ತು. ನಾನು ಬಾಗಿಲ ಮರೆಯಲ್ಲಿ ಫೋನು ಎತ್ತಿ ಹಿಡಿದೆ.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿದ. ಮೂಗಿನ ಹತ್ತಿರ ಬಂದಾಗ ಒಂದು ಕ್ಷಣ ತಡೆದ, ಅವನಿಗೆ ಗೊತ್ತಾಯಿತು, ಖಂಡಿತ ಗೊತ್ತಾಯಿತು. ಇನ್ನೇನು ಕೆಳಗಿಡುತ್ತಾನೆ ಎನ್ನುವಾಗ ಎದುರಿಗೆ ನಿಂತ ಮುದುಕಿಯ ಮುಖ ನೋಡಿದ. ಲೋಟವನ್ನು ಇನ್ನೂ ಮೇಲೆತ್ತಿ, ಕುಡಿಯಲು ತಲೆ ಹಿಂದಕ್ಕೆ ವಾಲಿಸಿದ!

ಇದು ನಮ್ಮ ತಾಲೀಮಿನಲ್ಲಿ ಇರಲಿಲ್ಲ. ಅಧಿಕಾರಿಯೂ ಯಾರದ್ದೋ ಮನೆಯಲ್ಲಿ ಒಳ್ಳೆಯ ರೀತಿಯಲ್ಲಿ ಬೆಳೆದ ಮಗನಾಗಿರಬಹುದು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ. ನಾನು ಕಲ್ಲಾಗಿ ನಿಂತೆ. ಮಂಡಿ ನೋವೆಂದು ಮೂರು ಮೆಟ್ಟಿಲು ಹತ್ತದ ದೊಡ್ಡಮ್ಮ ಒಂದೇ ನೆಗೆತಕ್ಕೆ ಹೋಗಿ ಅವನ ಕೈಗೆ ಹೊಡೆದಳು. ಲೋಟ ಅಂಗಳಕ್ಕೆ ಉರುಳಿತು. ನೀರೆಲ್ಲ ಅವನ ಅಂಗಿಯ ಮೇಲೆ.

"ಬೊಡ್ಚಿ ಮಗಾ," ಎಂದಳು ತುಳುವಿನಲ್ಲಿ, ಬೇಡ ಮಗಾ ಎಂದು. "ಹೊಟ್ಟೆ ಕೆಡ್ತದೆ."

ಕೊಟ್ಟ ಬೆಲ್ಲ ನೀರನ್ನು ಬೇಡ ಅನ್ನಬಾರದು ಎಂದು ತನ್ನ ಅಮ್ಮ ಹೇಳಿಕೊಟ್ಟಿದ್ದಾರೆ ಎಂದ ಅವನು, ಅಂಗಿ ಕೊಡವುತ್ತ. ಅವನ ಮನೆ ಕಾರ್ಕಳದ ಹತ್ತಿರವೇ ಅಂತೆ. ನನ್ನ ಫೋನಿನಲ್ಲಿ ಸಿಕ್ಕಿದ್ದು ಬಾಗಿಲ ದಾರಂದ ಮಾತ್ರ.

ಅವನು ಎರಡು ಬಾಟಲಿಗಳಲ್ಲಿ ನೀರು ತುಂಬಿಸಿಕೊಂಡ. ಬ್ಯಾಗಿನಿಂದ ಹಾಳೆ ತೆಗೆದು ಅಲ್ಲೇ ಬರೆದು ಸಹಿ ಹಾಕಿದ. ದೊಡ್ಡಮ್ಮ ನನ್ನ ಕಡೆ ನೋಡಿದಳು. ನಾನು ಗಟ್ಟಿಯಾಗಿ ಓದಿದೆ: ಕೋರೆಯಲ್ಲಿ ಕಸ ಸುರಿಯುವುದನ್ನು ಕೂಡಲೇ ನಿಲ್ಲಿಸಬೇಕು. ಈ ಬಾವಿಯ ನೀರು ಕುಡಿಯಲು ಯೋಗ್ಯವಲ್ಲ.

ಮೂರು ವರ್ಷ ಅವಳು ಕಾದದ್ದು ಈ ಎರಡು ಸಾಲಿಗಾಗಿ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾವಿಯ ದಂಡೆಗೆ ಹೋಗಿ ಕೂತಳು.

"ಹಾಗೆ ಬರೀಬಾರದಿತ್ತು," ಎಂದಳು ಎಂಜಿನಿಯರನಿಗೆ. "ನಾಳೆ ಓದಿದವರು ಎಂತ ಅಂದುಕೊಳ್ತಾರೆ? ಇದು ಕೆಟ್ಟ ಬಾವಿ ಅಂತ ಅಲ್ವಾ? ಇದರ ನೀರು ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ ಮಗಾ. ಇದರದ್ದು ಎಂತ ತಪ್ಪುಂಟು?"

ಎಂಜಿನಿಯರ್ ನನ್ನ ಮುಖ ನೋಡಿದ. ಅವನು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬಾವಿಯ ದಂಡೆಯ ಮೇಲೆ ಇಟ್ಟು, ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ. ಅದನ್ನೂ ಓದು ಎಂದು ದೊಡ್ಡಮ್ಮ ನನಗೆ ಹೇಳಿದಳು. ಹಾಳೆ ನೋಡಿದೆ. ಅದನ್ನು ಬರೆದವನ ಕೈಗೇ ವಾಪಸು ಕೊಟ್ಟೆ.

ಅವನೇ ಅವಳ ಪಕ್ಕದಲ್ಲಿ ಕೂತು ಓದಿ ಹೇಳಿದ: "ಬಾವಿಯ ತಪ್ಪು ಏನೂ ಇಲ್ಲ."