ಭಾವನ ದೋಣಿಗೊಂದು ಪಿಕಪ್

ನಮ್ಮ ಭಾವನಿಗೆ ನೀರು ಕಂಡರೆ ಭಯ. ಷವರಿನ ಕೆಳಗೆ ಈವರೆಗೆ ನಿಂತವರಲ್ಲ. ಬಕೆಟ್ಟು, ಚೊಂಬು, ಕಾಲಡಿಗೆ ಗಟ್ಟಿ ನೆಲ, ಇಷ್ಟಿದ್ದರೆ ಮಾತ್ರ ಅವರ ಸ್ನಾನ. ಚಿತ್ರದುರ್ಗದ ಕಡೆಯ ಒಣನೆಲದಲ್ಲಿ ಹುಟ್ಟಿ, ದೆಹಲಿಯ ಕೇಂದ್ರ ಸರ್ಕಾರಿ ಕಚೇರಿಯೊಂದರ ಕಡತಗಳ ನಡುವೆ ಮೂವತ್ತನಾಲ್ಕು ವರ್ಷ ಕಳೆದು ನಿವೃತ್ತರಾದವರು. ಅಂಥವರು ಒಂದು ದೋಣಿ ಕೊಂಡರು. ಎಲ್ಲಿ? ದೆಹಲಿಯ ಅಂಚಿನಲ್ಲಿರುವ, ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುವ ನಮ್ಮ ಇಂದಿರಾಪುರಂನಲ್ಲಿ!

ದೋಣಿ ಕೊಂಡವರನ್ನು ಹುಚ್ಚರೆನ್ನಬಹುದು. ಆದರೆ ಭಾವ ಹುಚ್ಚರಲ್ಲ. ಅದಕ್ಕೊಂದು ಕಾರಣವಿತ್ತು, ಆ ಕಾರಣ ನನ್ನ ಅಕ್ಕ.

ಅಕ್ಕನೂ ನಾನೂ ಬೆಳೆದದ್ದು ಉತ್ತರ ಕನ್ನಡದ ಒಂದು ಹೊಳೆಯ ದಡದಲ್ಲಿ. ಮನೆ ಈಚೆ, ಶಾಲೆ ಆಚೆ. ಹನ್ನೆರಡನೆಯ ವಯಸ್ಸಿಗೇ ಅಕ್ಕ ಹುಟ್ಟು ಹಿಡಿದು ಕೇರಿಯ ಮಕ್ಕಳನ್ನೆಲ್ಲ ದಾಟಿಸುತ್ತಿದ್ದಳು. ಉಳಿದ ಮಕ್ಕಳು ಹಾಡುತ್ತಿದ್ದರು. ನಾನು ಮಾತ್ರ ನಟ್ಟನಡುವೆ ಕೂತು, ದೋಣಿ ಮಗುಚಿದರೆ ಮೊದಲು ಯಾರನ್ನು ಹಿಡಿದುಕೊಳ್ಳಬೇಕೆಂದು ಲೆಕ್ಕ ಹಾಕುತ್ತಿದ್ದೆ. ಆ ಸ್ವಭಾವವೇ ಮುಂದೆ ನನಗೆ ಅನ್ನ ಕೊಟ್ಟಿತು. ದೆಹಲಿಯ ಓಖ್ಲಾದ ಉಡುಪು ರಫ್ತು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಹೊಲಿದ ಷರ್ಟಿನಲ್ಲಿ ಇಲ್ಲದ ಗುಂಡಿಯನ್ನು ಹುಡುಕುವುದಕ್ಕೇ ನನಗೆ ಸಂಬಳ.

ಈಗ ಅಕ್ಕನ ಮಂಡಿಗಳು ಮುನಿಸಿಕೊಂಡಿವೆ. ಅವಳ ಮನೆ, ನಾನೂ ಇರುವ ಅಪಾರ್ಟ್‌ಮೆಂಟ್ ಸೊಸೈಟಿಯ ನಾಲ್ಕನೆಯ ಮಹಡಿಯಲ್ಲಿ. ಕರೆಂಟು ಹೋದರೆ ಲಿಫ್ಟಿಗೂ ನಿವೃತ್ತಿ. ಒಮ್ಮೆ ಹಾಗಾದಾಗ ಇಬ್ಬರು ವಾಚ್‌ಮನ್‌ಗಳು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದರು. ಊರಿನ ಮಕ್ಕಳನ್ನೆಲ್ಲ ಹೊಳೆ ದಾಟಿಸಿದವಳು ಅವತ್ತು ಕಣ್ಣು ಮುಚ್ಚಿಕೊಂಡೇ ಇದ್ದಳು. ಅಂದಿನಿಂದ ಡಾಕ್ಟರ ಹತ್ತಿರ ಹೋಗುವುದು ಬಿಟ್ಟರೆ ಕೆಳಗಿಳಿಯುವುದನ್ನೇ ನಿಲ್ಲಿಸಿಬಿಟ್ಟಳು. ಯಾರಾದರೂ ಕೈ ಹಿಡಿಯಲು ಬಂದರೆ, "ನನ್ನನ್ನು ಎತ್ತುವುದು ಬೇಡ" ಎಂಬ ಒಂದೇ ಉತ್ತರ.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಸೊಸೈಟಿಯ ಎದುರಿನ ರಸ್ತೆ ತುಂಬಿ ಹರಿಯಿತು. ಬಾಲ್ಕನಿಯಿಂದ ನೋಡುತ್ತಿದ್ದ ಅಕ್ಕ ನನಗೆ ಹೇಳಿದಳು, "ದೋಣಿಯಾದರೆ ಮಂಡಿ ಬೇಕಾಗಿಲ್ಲ ನೋಡು. ಕೈ ಇದ್ದರೆ ಸಾಕು." ಹೇಳಿ, ಹುರುಳಿಕಾಯಿ ಬಿಡಿಸಲು ಒಳಗೆ ಹೋದಳು. ಭಾವ ಅಲ್ಲೇ ಪೇಪರು ಓದುತ್ತಿದ್ದರು. ಪುಟ ತಿರುಗಿಸಲಿಲ್ಲ. ತಿಂಗಳೊಪ್ಪತ್ತಿನಲ್ಲಿ ದೋಣಿ ಬಂತು.

ಹರಿಯಾಣದ ಕಡೆ ಕೆರೆ ಬತ್ತಿ ಮುಚ್ಚಿಹೋದ ವಿಹಾರತಾಣವೊಂದರ ಹರಾಜಿನಲ್ಲಿ ಸಿಕ್ಕ ಫೈಬರ್ ದೋಣಿ ಅದು. ನೀಲಿ ಬಣ್ಣ, ಎರಡು ಹುಟ್ಟು. ಪಕ್ಕಕ್ಕೆ ದಪ್ಪ ಹಿಂದಿ ಅಕ್ಷರಗಳಲ್ಲಿ 'ಕೇವಲ ತೀಸ್ ಮಿನಟ್', ಎಂದರೆ ಮೂವತ್ತೇ ನಿಮಿಷ, ಎಂಬ ಎಚ್ಚರಿಕೆ. ಲಾರಿಯಲ್ಲಿ ಬಂದು ಭಾವನ ಪಾರ್ಕಿಂಗ್ ಜಾಗದಲ್ಲಿ ಮಲಗಿತು. ಕಾರು ಬೀದಿಗೆ ಬಿತ್ತು. ಸೊಸೈಟಿಯ ಕಾರ್ಯದರ್ಶಿ ನೋಟೀಸು ಕೊಟ್ಟರು: ಇಲ್ಲಿ ವಾಹನ ಮಾತ್ರ ನಿಲ್ಲಿಸತಕ್ಕದ್ದು. ಭಾವ ನಾಲ್ಕು ಪುಟದ ಉತ್ತರ ಬರೆದರು. ಅದನ್ನು ಓದಿ ಮುಗಿಸಿದ ಮೇಲೆ ಕಾರ್ಯದರ್ಶಿ ನಮ್ಮನ್ನು ಕಂಡರೆ ಮೆಟ್ಟಿಲು ಹಿಡಿದು ಹೋಗತೊಡಗಿದರು. ಲಿಫ್ಟಿನಲ್ಲಿ ಸಿಕ್ಕರೆ ಭಾವ ಐದನೆಯ ಪುಟ ಹೇಳಿಯಾರೆಂಬ ಭಯ.

ಭಾವನ ಯೋಜನೆ ಸರಳ. ಎಪ್ಪತ್ತು ಕಿಲೋಮೀಟರ್ ದೂರದ ಗಢಮುಕ್ತೇಶ್ವರದಲ್ಲಿ ಗಂಗೆಯಿದೆ. ದೋಣಿಯನ್ನು ಚಕ್ರದ ಟ್ರಾಲಿಯ ಮೇಲಿಟ್ಟು ಎಳೆದುಕೊಂಡು ಹೋಗುವುದು, ಅಕ್ಕನನ್ನು ಕೂರಿಸುವುದು. ಘಾಜಿಯಾಬಾದಿನ ಒಬ್ಬ ವೆಲ್ಡಿಂಗ್ ಮಿಸ್ತ್ರಿ ಟ್ರಾಲಿ ಮಾಡಿಕೊಟ್ಟ. ಅದನ್ನು ಭಾವನ ಹಳೆಯ ಪುಟ್ಟ ಕಾರಿಗೆ ಕಟ್ಟಿ, ಮೊದಲು ಪರೀಕ್ಷೆಗೆಂದು ನಾವಿಬ್ಬರೇ ಹೊರಟೆವು. ಕಾರು ಹೊರಟಿತು. ಹಿಂದಿನ ಬಂಪರು ಮಾತ್ರ ದೋಣಿಯ ಜೊತೆಗೇ ಉಳಿಯಿತು.

"ಪಿಕಪ್ ಬೇಕು" ಎಂದರು ಭಾವ. ಆ ಕ್ಷಣದಲ್ಲಿ ಒಂದು ಕಡತ ಹುಟ್ಟಿತು.

ಇದನ್ನು ಸ್ವಲ್ಪ ವಿವರಿಸಬೇಕು. ಭಾವ ನಿವೃತ್ತರಾದರೂ ಅವರ ಕಚೇರಿ ನಿವೃತ್ತವಾಗಿಲ್ಲ. ಮನೆಗೆ ಬಂದಿದೆ, ಅಷ್ಟೆ. ಅವರ ಮನೆಯಲ್ಲಿ ಮಿಕ್ಸಿಗೊಂದು ಕಡತ, ಗೀಸರಿಗೊಂದು ಕಡತ. ಏನು ಕೊಳ್ಳುವುದಿದ್ದರೂ ಟಿಪ್ಪಣಿ ಬರೆಯಬೇಕು, ಮೂರು ಕೊಟೇಶನ್ ತರಿಸಬೇಕು, ಹೋಲಿಕೆ ಪಟ್ಟಿ ಮಾಡಬೇಕು, ಕೊನೆಗೆ ಮಂಜೂರಾತಿಗೆ ಅಕ್ಕನ ಬಳಿ ಹೋಗಬೇಕು. ಕಚೇರಿಯಲ್ಲಿ ಇಂಗ್ಲಿಷು, ಹಿಂದಿ ಬರೆದವರು ಮನೆಯಲ್ಲಿ ಕನ್ನಡದಲ್ಲೇ ಬರೆಯುತ್ತಾರೆ. ಅಕ್ಕನ ಆಡಳಿತ ಭಾಷೆ ಅದು. ಅಕ್ಕ ಅಡುಗೆಮನೆಯ ಪೆನ್ಸಿಲಿನಲ್ಲಿ ಷರಾ ಹಾಕಿ ಹಿಂತಿರುಗಿಸುತ್ತಾಳೆ. ಗೀಸರಿನ ಕಡತ ಒಂದು ಚಳಿಗಾಲ ಪೂರ್ತಿ ಓಡಾಡಿ, ಬೇಸಿಗೆಯಲ್ಲಿ ಮಂಜೂರಾಯಿತು.

ಪಿಕಪ್ ಸಮಿತಿಗೆ ಭಾವ ಅಧ್ಯಕ್ಷರು. ನಾನು ಆಕ್ಷೇಪಣೆ ವಿಭಾಗ. ಮೊದಲ ಸಭೆಯಲ್ಲೇ ನಾನು ಇಪ್ಪತ್ತೆರಡು ಆತಂಕಗಳನ್ನು ಸಲ್ಲಿಸಿದೆ: ಇಳಿಜಾರಿನಲ್ಲಿ ದೋಣಿಯೇ ಪಿಕಪ್ಪನ್ನು ಹಿಂದಿಕ್ಕಿದರೆ? ದಡದ ಮರಳಿನಲ್ಲಿ ಚಕ್ರ ಹೂತರೆ? ಹಿಮ್ಮುಖವಾಗಿ ಇಳಿಸುವಾಗ ಬ್ರೇಕು ಬೀಳದೆ ಗಾಡಿಯೂ ಗಂಗೆ ಪಾಲಾದರೆ? ಭಾವ ಎಲ್ಲವನ್ನೂ ಬರೆದುಕೊಂಡರು. "ಮೂವತ್ತನಾಲ್ಕು ವರ್ಷದಲ್ಲಿ ನನಗೆ ನಿನ್ನಂಥ ಅಧೀನ ಸಿಬ್ಬಂದಿ ಸಿಗಲಿಲ್ಲವಲ್ಲಪ್ಪ" ಎಂದು ಬೆನ್ನು ತಟ್ಟಿದರು. ನನ್ನನ್ನು ಹೀಗೆ ಹೊಗಳಿದವರು ಈವರೆಗೆ ಯಾರೂ ಇಲ್ಲ. ನನ್ನ ಹೆಂಡತಿಯಂತೂ ಇಲ್ಲವೇ ಇಲ್ಲ.

ಮೊದಲ ಷೋರೂಮಿನ ಹುಡುಗ ನಮ್ಮಿಬ್ಬರ ನರೆತ ತಲೆ ನೋಡಿ ಮೃದುವಾಗಿ ವಿಚಾರಿಸಿದ, ತರಕಾರಿ ಸಾಗಿಸಲಿಕ್ಕೋ ಸಿಮೆಂಟು ಸಾಗಿಸಲಿಕ್ಕೋ ಎಂದು. ದೋಣಿ ಎಳೆಯಲಿಕ್ಕೆ ಎಂದರು ಭಾವ.

"ಅಂಕಲ್‌ಜೀ, ದೋಣಿ ಎಲ್ಲಿದೆ?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ನಮ್ಮ ಪಾರ್ಕಿಂಗಿನಲ್ಲಿ."

ಅವನು ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಅಷ್ಟರಲ್ಲಿ ಭಾವ ಟಾರ್ಚು ಹಿಡಿದು ಪಿಕಪ್ಪಿನ ಅಡಿಯಲ್ಲಿ ಅಂಗಾತ ಮಲಗಿಯಾಗಿತ್ತು. ಬಂದ ಮ್ಯಾನೇಜರಿಗೆ ಕಂಡದ್ದು ಎರಡು ಚಪ್ಪಲಿ ಮಾತ್ರ. ಆ ಚಪ್ಪಲಿಗಳು ಮೂವತ್ತೇಳು ಪ್ರಶ್ನೆ ಕೇಳಿದವು. ಹಿಂದಿನ ಕೊಕ್ಕೆ ಎಷ್ಟು ಭಾರ ತಾಳುತ್ತದೆ? ಗಾಡಿಯ ಚೌಕಟ್ಟಿಗೇ ಸೇರಿದ್ದೋ, ಬರೀ ಬಂಪರಿಗೆ ಅಂಟಿಸಿದ್ದೋ? ನೆಲದಿಂದ ಹೊಟ್ಟೆ ಎಷ್ಟು ಎತ್ತರ? ಎತ್ತರದ ಮೇಲೆ ಭಾವನಿಗೆ ವಿಶೇಷ ಮೋಹ. ನದಿಗೆ ಹಿಂಬದಿಯಿಂದ ಇಳಿಯುವ ಗಾಡಿ ಎತ್ತರ ಇದ್ದಷ್ಟೂ ಕ್ಷೇಮ ಎಂದು ಅದಕ್ಕೆ ಹೆಚ್ಚು ಅಂಕ ಇಟ್ಟಿದ್ದರು.

ಎರಡನೆಯ ಷೋರೂಮಿನಲ್ಲಿ ಪ್ರಾಯೋಗಿಕ ಪರೀಕ್ಷೆ. ದೋಣಿ ಮತ್ತು ಟ್ರಾಲಿಯ ತೂಕಕ್ಕೆ ಸಮನಾಗಿ ಮನುಷ್ಯರನ್ನು ತುಂಬಿ ಓಡಿಸಬೇಕೆಂದರು ಭಾವ. ಅಲ್ಲಿನ ಮೆಕ್ಯಾನಿಕ್ಕುಗಳು, ಚಹಾದ ಭಯ್ಯಾ, ಲೆಕ್ಕದ ಗುಮಾಸ್ತ ಎಲ್ಲರೂ ಹಿಂದೆ ಹತ್ತಿದರು. ಇನ್ನೂ ಸ್ವಲ್ಪ ಕಡಿಮೆ ಬಿತ್ತೆಂದು ನನ್ನನ್ನೂ ಹತ್ತಿಸಿದರು. ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ, ಪ್ರತಿ ಉಬ್ಬಿಗೂ ಒಂದಡಿ ಮೇಲಕ್ಕೆ ಹಾರುತ್ತ, ನಾನು ಅರ್ಧ ದೋಣಿಯಾಗಿ ಇಪ್ಪತ್ತು ನಿಮಿಷ ಪ್ರಯಾಣ ಮಾಡಿದೆ. ಇಳಿದ ಮೇಲೆ ಭಾವ ಕೇಳಿದ್ದು, "ದೋಣಿಯ ಅಭಿಪ್ರಾಯವೇನು?"

ಎರಡು ಕೊಟೇಶನ್ ಆದವು. ಮೂರನೆಯದು? ದೋಣಿ ಎಳೆಯಬಲ್ಲ ಮೂರನೆಯ ಪಿಕಪ್ ಆಗ ನಮ್ಮ ಸುತ್ತಮುತ್ತ ಸಿಗಲಿಲ್ಲ. ಎರಡೇ ಕೊಟೇಶನ್ನಿನ ಮೇಲೆ ಕೊಳ್ಳುವುದೇ? ಅದಕ್ಕಿಂತ ಭಾವ ಸಂಧ್ಯಾವಂದನೆ ಬಿಟ್ಟಾರು! ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ, ನಮ್ಮ ಪಕ್ಕದಲ್ಲಿ ಏಳುತ್ತಿದ್ದ ಹೊಸ ಕಟ್ಟಡಕ್ಕೆ ಎಮ್ಮೆಗಾಡಿಯಲ್ಲಿ ಇಟ್ಟಿಗೆ ತರುವ ಮುದುಕನೊಬ್ಬನನ್ನು ಹಿಡಿದು ತಂದರು. ಅವನು ಹೇಳಿದ, ಇವರು ಬರೆದರು, ಅವನು ಹೆಬ್ಬೆಟ್ಟು ಒತ್ತಿದ. ಮೂರನೆಯ ಕೊಟೇಶನ್ ಸಿದ್ಧ.

ಹೋಲಿಕೆ ಪಟ್ಟಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಪಿಕಪ್ಪಿನ ಪಕ್ಕದ ಕಲಮಿನಲ್ಲಿ ಎಮ್ಮೆ. ಅಶ್ವಶಕ್ತಿ: ಅನ್ವಯಿಸುವುದಿಲ್ಲ. ಹಿಮ್ಮುಖ ಚಲನೆ: ಮನಸ್ಸಿದ್ದರೆ. ದೋಣಿಯನ್ನು ನೀರಿಗಿಳಿಸುವ ಸಾಮರ್ಥ್ಯ: ಮೂರರಲ್ಲಿ ಅತ್ಯುತ್ತಮ. ನೀರಿನಿಂದ ಹೊರಬರುವ ಇಚ್ಛೆ: ಅನುಮಾನ. ಭಾವ ಇದನ್ನು ನಗದೆ ಬರೆದಿದ್ದರು, ಅದೇ ಅವರ ಹೆಚ್ಚುಗಾರಿಕೆ. ಎಮ್ಮೆಗೆ ಅನ್ಯಾಯವಾಗಬಾರದೆಂದು ಎರಡು ಸಲ ಕೂಡಿ ನೋಡಿದರು.

ಕಡತ ಅಕ್ಕನ ಬಳಿಗೆ ಹೋಯಿತು. 'ಉದ್ದೇಶ' ಎಂಬಲ್ಲಿ ಭಾವ 'ಕುಟುಂಬದ ಹಿತದೃಷ್ಟಿಯಿಂದ' ಎಂದು ಬರೆದಿದ್ದರು. ಮೂವತ್ತನಾಲ್ಕು ವರ್ಷ ಹಾಗೆ ಬರೆದವರಿಗೆ ಹೆಂಡತಿಗೆ 'ನಿನಗಾಗಿ' ಎಂದು ಬರೆಯಲು ಕೈ ಬರಬೇಕಲ್ಲ? ಅಕ್ಕನಿಗೆ ತಿಳಿಯದ್ದೇನಲ್ಲ. ಷರಾ ಬಂತು: 'ಅನಗತ್ಯ.' ಭಾವ ಪುನಃ ಕಳಿಸಿದರು. ಮರು ಷರಾ: 'ಕುರ್ಚಿ ಸಮೇತ ಹೊರುವವರು ಯಾರು?' ಮೂರನೆಯ ಸಲ ಕಡತ ಹಿಂತಿರುಗಲೇ ಇಲ್ಲ. ಹುಡುಕಿದರೆ ಕುಕ್ಕರಿನ ಕೆಳಗೆ ಸಿಕ್ಕಿತು, ಮುಖಪುಟದ ಮೇಲೆ ಹುಳಿಯ ಒಂದು ದುಂಡನೆಯ ಮೊಹರು ಸಮೇತ.

ಆಮೇಲೆ ಭಾವ ಮಾಡಿದ್ದನ್ನು ನಾನು ಇಂದಿಗೂ ನಂಬಲಾರೆ. ಮಂಜೂರಾತಿ ಇಲ್ಲದೆಯೇ ಹೋಗಿ ಎರಡನೆಯ ಷೋರೂಮಿನ ಪಿಕಪ್ ತಂದರು. ಜೀವಮಾನದಲ್ಲಿ ಒಂದು ಗುಂಡುಸೂಜಿಯನ್ನೂ ಆದೇಶವಿಲ್ಲದೆ ಕೊಳ್ಳದ ಮನುಷ್ಯ! ಬೀಗದ ಕೈ ನನಗೆ ತೋರಿಸಿ, "ಆಡಿಟ್ ಬಂದರೆ ಬರಲಿ" ಎಂದರು, ಬೆಟ್ಟದಿಂದ ಧುಮುಕುವವರ ಧ್ವನಿಯಲ್ಲಿ.

ಭಾನುವಾರ ಬೆಳಿಗ್ಗೆ ಎಲ್ಲವೂ ಸಜ್ಜಾಯಿತು. ಪಿಕಪ್ಪಿಗೆ ಟ್ರಾಲಿ, ಟ್ರಾಲಿಯ ಮೇಲೆ ದೋಣಿ, ನನ್ನ ಚೀಲದಲ್ಲಿ ಟ್ಯೂಬು, ಹಗ್ಗ, ಮೂರು ಬಗೆಯ ವಾಂತಿ ಮಾತ್ರೆ. ಬಾಲ್ಕನಿಯಿಂದ ಬಹಳ ಹೊತ್ತು ನೋಡಿದ ಅಕ್ಕ ಸೀರೆ ಬದಲಿಸಿ ತಾನಾಗಿಯೇ ಲಿಫ್ಟಿನಲ್ಲಿ ಇಳಿದು ಬಂದಳು. ಎಷ್ಟೋ ತಿಂಗಳ ಮೇಲೆ! ಭಾವ ಬಾಗಿಲು ತೆರೆದು ಹಿಡಿದರು. ಅಕ್ಕ ಬಾಗಿಲಿನ ಹಿಡಿ ಹಿಡಿದಳು. ಕಾಲೆತ್ತಿದಳು. ಅರ್ಧಕ್ಕೆ ಇಳಿಸಿದಳು. ಮತ್ತೆ ಎತ್ತಿದಳು.

ಪಿಕಪ್ಪಿನ ನೆಲ ಅವಳ ಮಂಡಿಗಿಂತ ಎತ್ತರವಿತ್ತು.

ಕೊಕ್ಕೆ ಅಳೆದಿದ್ದೆವು, ಹೊಟ್ಟೆ ಅಳೆದಿದ್ದೆವು, ಎಮ್ಮೆಯ ಇಚ್ಛೆಯನ್ನೂ ಅಳೆದಿದ್ದೆವು. ಯಾರಿಗಾಗಿ ಇದೆಲ್ಲವೋ ಅವಳು ಹತ್ತುವ ಎತ್ತರವನ್ನು ಅಳೆದಿರಲಿಲ್ಲ. ಇಪ್ಪತ್ತೆರಡು ಆತಂಕದಲ್ಲಿ ಇದೊಂದು ಇರಲಿಲ್ಲ. ಇಲ್ಲದ ಗುಂಡಿ ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವನು ನಾನು.

ಒಬ್ಬ ವಾಚ್‌ಮನ್ ತಾನಾಗಿಯೇ ಪ್ಲಾಸ್ಟಿಕ್ ಕುರ್ಚಿ ತೆಗೆದುಕೊಂಡು ಬರತೊಡಗಿದ. ಅಕ್ಕ ಅದನ್ನು ನೋಡಿದಳು. "ನೀವು ಹೋಗಿಬನ್ನಿ" ಎಂದು ಲಿಫ್ಟಿನ ಕಡೆ ತಿರುಗಿದಳು.

ಭಾವ ದಿಕ್ಕು ತೋಚದೆ ಪಿಕಪ್ಪಿನ ಸೀಟಿನಿಂದ ಕಡತ ಎಳೆದರು. ಎರಡು ಇಟ್ಟಿಗೆ ದಪ್ಪದ ಕಟ್ಟು. ಬಾಗಿಲ ಕೆಳಗೆ ನೆಲದ ಮೇಲಿಟ್ಟರು. "ಇದರ ಮೇಲೆ ಕಾಲಿಡು."

"ಕಾಗದವಲ್ಲವಾ? ಸರಸ್ವತಿ. ಕಾಲಿಡಬಾರದು."

ಭಾವ ಕಡತ ಎತ್ತಿ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು. ಆಮೇಲೆ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ, ಅಷ್ಟು ಜನರ ಮುಂದೆ ಒಂದು ಮಂಡಿಯೂರಿ ಕೂತು, ಇನ್ನೊಂದು ತೊಡೆಯನ್ನು ತಟ್ಟಿ ತೋರಿಸಿದರು.

"ಇದು ಸರಸ್ವತಿಯಲ್ಲ. ಇಡು."

ಅಕ್ಕ ಅವರನ್ನೇ ನೋಡುತ್ತ ನಿಂತಳು. "ಗಂಡನ ಮೇಲೆ ಕಾಲಿಡಲಾ?"

"ನಾನು ಎತ್ತುತ್ತಿಲ್ಲ. ನೀನೇ ಹತ್ತುತ್ತಿದ್ದೀಯ."

ಅಕ್ಕ ಚಪ್ಪಲಿ ಬಿಟ್ಟಳು. ಒಂದು ಕೈ ಬಾಗಿಲಿಗೆ, ಒಂದು ಕೈ ಭಾವನ ತಲೆಗೆ. ಭಾವನ ತೊಡೆಯ ಮೇಲೆ ಕಾಲಿಟ್ಟು ಹತ್ತಿ ಕೂತಳು.

ಗಢಮುಕ್ತೇಶ್ವರದಲ್ಲಿ ಮರಳಿಗೆ ಚಕ್ರ ಹೂತಿತು. ನನ್ನ ಆತಂಕಗಳಲ್ಲಿ ಒಂದಾದರೂ ಫಲಿಸಿತು. ಪಿಕಪ್ ಇಳಿಯಲಿಕ್ಕೂ ದೋಣಿ ಹತ್ತಲಿಕ್ಕೂ ಅಕ್ಕನಿಗೆ ಭಾವನ ತೊಡೆಯೇ ಮೆಟ್ಟಿಲಾಯಿತು. ಆದರೆ ಗಂಗೆಯ ಮೇಲೆ ಅಕ್ಕ ಹುಟ್ಟು ಹಿಡಿದದ್ದನ್ನು ನೋಡಬೇಕಿತ್ತು. ಎರಡು ಎಳೆತಕ್ಕೆ ದೋಣಿ ಅವಳ ಮಾತು ಕೇಳತೊಡಗಿತು. ಭಾವ ಎರಡೂ ಅಂಚು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು. ಪಕ್ಕದಲ್ಲಿ 'ಕೇವಲ ತೀಸ್ ಮಿನಟ್' ಎಂದು ಬರೆದಿದ್ದರೂ ಅಕ್ಕ ಒಂದೂವರೆ ಗಂಟೆ ದಡಕ್ಕೆ ಬರಲಿಲ್ಲ. ದಡದಲ್ಲಿದ್ದ ನಾನು ಚಿಂತೆ ಮಾಡುವುದನ್ನು ಮರೆತಿದ್ದೆನೆಂದು ಸಂಜೆಯಷ್ಟೇ ಗೊತ್ತಾಯಿತು.

ಸೋಮವಾರವೇ ಭಾವ ಹೊಸ ಟಿಪ್ಪಣಿ ಹಾಕಿದರು: ವಾಹನಕ್ಕೆ ಕಬ್ಬಿಣದ ಮೆಟ್ಟಿಲು ಅಳವಡಿಸಲು ಮೂರು ಕೊಟೇಶನ್ ಲಗತ್ತಿಸಿದೆ, ಪಿಕಪ್ ಖರೀದಿಗೆ ಘಟನೋತ್ತರ ಮಂಜೂರಾತಿಯನ್ನೂ ಕೋರಲಾಗಿದೆ. ಕಡತ ಈ ಸಲ ಕುಕ್ಕರಿನ ಕೆಳಗೆ ಹೋಗಲಿಲ್ಲ. ಅದೇ ಸಂಜೆ ಹಿಂತಿರುಗಿತು. ಭಾವ ಓದಿ, ನನಗೆ ಕೊಟ್ಟು ಬಾಲ್ಕನಿಗೆ ಹೋಗಿ ನಿಂತರು. ಅಡುಗೆಮನೆಯ ಪೆನ್ಸಿಲಿನಲ್ಲಿ ಅಕ್ಕ ಬರೆದಿದ್ದಳು:

'ಪಿಕಪ್ ಮಂಜೂರು. ಮೆಟ್ಟಿಲು ಬೇಡ. ಈಗಿರುವ ವ್ಯವಸ್ಥೆಯೇ ಮುಂದುವರಿಯಲಿ.'